ಪಾಪು ಹೊಸ್ತಿಲು ದಾಟಿದ ಪ್ರಕರಣ

ಬಸ್ ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳ ಕೋಣೆಯೊಂದಿತ್ತು. ಅದರ ಗುಮಾಸ್ತರನ್ನು ಊರಿನವರೆಲ್ಲ ಛತ್ರಿ ಸಾಹೇಬರು ಎಂದು ಕರೆಯುತ್ತಿದ್ದರು. ಪ್ರಯಾಣಿಕರು ಮರೆತುಹೋದ ಇನ್ನೂರ ಹದಿನಾಲ್ಕು ಛತ್ರಿಗಳು ಅವರ ಸುಪರ್ದಿಯಲ್ಲಿದ್ದವು ಎಂಬುದಷ್ಟೇ ಅದಕ್ಕೆ ಕಾರಣ. ಆ ಮಾತಿಗೆ ಇನ್ನೊಂದು ಅರ್ಥವೂ ಇದೆಯಲ್ಲ, ಅದಕ್ಕೆ ತಕ್ಕ ಚಾಲಾಕಿತನ ಸಾಹೇಬರಿಗೆ ಏಳು ಜನ್ಮಕ್ಕೂ ಬರುವಂತಿರಲಿಲ್ಲ. ಸುಳ್ಳು ಹೇಳಿದರೆ ಅವರ ಎಡಗಿವಿ ಕೆಂಪಾಗುತ್ತಿತ್ತು. ಈ ಗುಟ್ಟು ಅವರ ಹೆಂಡತಿಗೆ ಮಾತ್ರ ಗೊತ್ತಿತ್ತು.

ಒಂದು ಸೋಮವಾರ ಯಾವುದೋ ಬಸ್ಸಿನಲ್ಲಿ ಸಿಕ್ಕಿತೆಂದು ಒಂದು ದಪ್ಪ ಪುಸ್ತಕ ಆ ಕೋಣೆಗೆ ಬಂತು. ಕಾದಂಬರಿ. ಯಾವ ಕಾದಂಬರಿ ಎಂದು ಆ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಕಾದಂಬರಿ ಎಂದರೆ ಅದೊಂದೇ. ಅಪ್ಪ ಅಮ್ಮ ಇಲ್ಲದ ಹುಡುಗನೊಬ್ಬ ಸೋದರತ್ತೆಯ ಮನೆಯಲ್ಲಿ ಬೆಳೆದು ದೊಡ್ಡವನಾಗುವ ಕಥೆ. ಬರೆದು ನೂರು ವರ್ಷವಾಗಿತ್ತು. ಆರುನೂರ ಹನ್ನೆರಡು ಪುಟ. ಶಾಲೆಯ ಪರೀಕ್ಷೆಯಲ್ಲಿ ಅದರ ಮೇಲೆ ಪ್ರತಿವರ್ಷ ತಪ್ಪದೆ ಒಂದು ಪ್ರಶ್ನೆ ಬರುತ್ತಿತ್ತು: ‘ಈ ಕಾದಂಬರಿಯಿಂದ ನಾವು ಕಲಿಯುವ ನೀತಿಗಳಾವುವು? ವಿವರಿಸಿ.’ ಐದು ಅಂಕ. ಪ್ರಾಮಾಣಿಕತೆ, ಪರಿಶ್ರಮ, ತಾಳ್ಮೆ, ಹಿರಿಯರಲ್ಲಿ ಗೌರವ, ಕೊನೆಗೆ ಸತ್ಯಕ್ಕೇ ಜಯ. ಇಷ್ಟು ಬರೆದರೆ ಪುಸ್ತಕವನ್ನು ಕಣ್ಣಿನಿಂದ ನೋಡದವನಿಗೂ ಐದಕ್ಕೆ ಐದು. ಊರಿನವರೆಲ್ಲ ಹೀಗೆ ನೀತಿವಂತರಾಗಿದ್ದರು.

ಸಾಹೇಬರು ಆ ಪುಸ್ತಕವನ್ನು ತಮ್ಮ ರಿಜಿಸ್ಟರಿನ ಮೇಲೆ ಇಟ್ಟರು. ರಿಜಿಸ್ಟರಿನ ಅಂಚು ಮುದುರಿಕೊಂಡು ಮೇಲಕ್ಕೇಳುತ್ತಿತ್ತು, ಭಾರ ಬೇಕಾಗಿತ್ತು. ಅದೇ ಹೊತ್ತಿಗೆ ಸರಿಯಾಗಿ ದೊಡ್ಡ ಮೇಡಂ ಬಂದರು. ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ, ಈಗ ಊರಿನ ವಾಚನಾಲಯವನ್ನು ನಡೆಸುತ್ತಿದ್ದವರು. ಬಸ್ಸಿನಲ್ಲಿ ಬಿಟ್ಟ ಕನ್ನಡಕವನ್ನು ಕೇಳಲು ಬಂದಿದ್ದರು. ಕನ್ನಡಕವಿಲ್ಲದೆಯೂ ಅವರಿಗೆ ಆ ಪುಸ್ತಕ ಕಾಣಿಸಿತು.

“ಓಹೋ! ನೀವು ಕಾದಂಬರಿ ಓದ್ತಿದೀರಾ?”

‘ಇಲ್ಲ ಮೇಡಂ, ಭಾರಕ್ಕೆ ಇಟ್ಟಿದೀನಿ’ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ದೊಡ್ಡ ಮೇಡಂ ಸಾಹೇಬರಿಗೂ ಚಿಕ್ಕಂದಿನಲ್ಲಿ ಪಾಠ ಹೇಳಿದವರು. ಒಂದು ಸಲ ಇಡೀ ತರಗತಿಯ ಮುಂದೆ ‘ನಿನ್ನ ತಲೇಲಿ ಇರೋದು ಗಾಳಿ’ ಎಂದಿದ್ದರು. ನಲವತ್ತು ವರ್ಷದಿಂದ ಆ ಗಾಳಿ ತಲೆಯಲ್ಲಿ ಸುಳಿಯುತ್ತಲೇ ಇತ್ತು.

“ಓದ್ತಿಲ್ಲ ಮೇಡಂ,” ಎಂದರು ಸಾಹೇಬರು. “ಮತ್ತೆ ಓದ್ತಿದೀನಿ.”

‘ಮತ್ತೆ’ ಎಂಬ ಎರಡಕ್ಷರ ಎಷ್ಟು ಜನರ ನೆಮ್ಮದಿ ಕೆಡಿಸಬಹುದು ಎಂದು ಅವರು ಊಹಿಸಿರಲಿಲ್ಲ.

“ಎಷ್ಟನೇ ಸಲ?”

“ಲೆಕ್ಕ ಇಟ್ಟಿಲ್ಲ ಮೇಡಂ.”

ದೊಡ್ಡ ಮೇಡಂ ಕುರ್ಚಿ ಎಳೆದುಕೊಂಡು ಕೂತರು. “ದೇವರೇ ನಿಮ್ಮನ್ನ ತೋರಿಸಿದ ಹಾಗಾಯ್ತು. ಭಾನುವಾರ ಕಾದಂಬರಿಗೆ ನೂರು ವರ್ಷ ಅಂತ ಸಭೆ ಇಟ್ಕೊಂಡಿದೀವಿ. ಮಾತಾಡಬೇಕಾಗಿದ್ದ ಪ್ರೊಫೆಸರರಿಗೆ ಗಂಟಲು ಕಟ್ಟಿ ಉಸಿರೂ ಹೊರಡ್ತಿಲ್ಲ. ನೀವೇ ಮಾತಾಡಬೇಕು. ವಿಷಯ: ಕಾದಂಬರಿಯಲ್ಲಿ ನೀತಿ.”

“ನಾನು... ಅಂದ್ರೆ... ಭಾನುವಾರ...”

“ಐದು ಗಂಟೆಗೆ. ನೀಟಾಗಿ ಶೇವ್ ಮಾಡ್ಕೊಂಡು ಬನ್ನಿ.”

ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಊರಿನ ಅರ್ಧ ಜನರ ಬಟ್ಟೆ ಹೊಲಿಯುವವರು ಅವರೇ. ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ ಇರುತ್ತಿದ್ದರಿಂದ ಮಾತು ಕಡಿಮೆ. ಬೇಕೆಂದಾಗ ಸೂಜಿಗಳನ್ನು ತೆಗೆದು ಮಾತಿನಿಂದಲೇ ಚುಚ್ಚುತ್ತಿದ್ದರು.

ಭಾಷಣದ ಸುದ್ದಿ ಕೇಳಿ ಸೂಜಿಗಳನ್ನು ತೆಗೆದರು. “ರೀ, ನೀವು ಅದನ್ನ ಓದಿದೀರಾ?”

“ಶಾಲೇಲಿ...”

“ಕಿವಿ ನೋಡ್ಕೊಳ್ಳಿ,” ಎಂದು ಹೆಂಡತಿ ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಅಂದಿನಿಂದ ಸಾಹೇಬರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಊಟದ ತಟ್ಟೆಯ ಪಕ್ಕ ಪುಸ್ತಕ, ಬಸ್ಸಿನಲ್ಲಿ ಪುಸ್ತಕ, ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಪುಸ್ತಕ. ಶುಕ್ರವಾರದ ಹೊತ್ತಿಗೆ ಐವತ್ತೆಂಟನೆಯ ಪುಟಕ್ಕೆ ಬಂದಿದ್ದರು. ಕಾದಂಬರಿಯ ಹುಡುಗನಿಗೆ ನಲವತ್ತೊಂದನೆಯ ಪುಟದಲ್ಲಿ ಜ್ವರ ಬಂದಿತ್ತು; ಐವತ್ತೆಂಟಾದರೂ ಇಳಿಯುವ ಲಕ್ಷಣವಿರಲಿಲ್ಲ. ಅವನಿಗೆ ಜ್ವರ ಏರಿದಂತೆಲ್ಲ ಇವರಿಗೆ ಆಕಳಿಕೆ ಏರುತ್ತಿತ್ತು. ಶನಿವಾರ ಮಧ್ಯಾಹ್ನ ತಾಳ್ಮೆಗೆಟ್ಟು ಪುಸ್ತಕವನ್ನು ಸುಮ್ಮನೆ ಎಲ್ಲೋ ತೆರೆದರು. ಎಪ್ಪತ್ತಮೂರನೆಯ ಪುಟ. ಹೊಸ ಅಧ್ಯಾಯ.

ಅದೇನು ಅಧ್ಯಾಯ! ಹುಡುಗ ಬೆಳಗಾಗುವ ಮುಂಚೆ ಎದ್ದು, ಒಂದು ಚೀಲ ಹೆಗಲಿಗೇರಿಸಿ, ಯಾರಿಗೂ ಹೇಳದೆ ಅತ್ತೆಯ ಮನೆಯ ಹೊಸ್ತಿಲು ದಾಟುತ್ತಾನೆ. ಬಯಲು ದಾಟುತ್ತಾನೆ, ಹೊಳೆ ದಾಟುತ್ತಾನೆ, ಬೆಟ್ಟದ ತುದಿ ಹತ್ತಿ ಎರಡೂ ಕೈ ಚಾಚಿ ‘ಇನ್ನು ನಾನು ನನ್ನವನು!’ ಎಂದು ಕೂಗುತ್ತಾನೆ. ಎಂಬತ್ತನಾಲ್ಕನೆಯ ಪುಟದ ಕೊನೆಯ ಸಾಲು ಅದು. ಸಾಹೇಬರಿಗೆ ಮೈ ಜುಮ್ಮೆಂದಿತು. ‘ಸಿಕ್ಕಿತು ನೀತಿ!’ ಎಂದು ಪುಸ್ತಕವನ್ನು ಪಟ್ಟನೆ ಮುಚ್ಚಿ, ರಿಜಿಸ್ಟರಿನ ಮೇಲಿಟ್ಟು ಮನೆಗೆ ಹೋದರು.

ಭಾನುವಾರ ವಾಚನಾಲಯದಲ್ಲಿ ಮೂವತ್ತೊಂದು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಸಾಹೇಬರ ಪಕ್ಕದ ಮನೆಯ ಗುಂಡಿ ಅಂಗಡಿ ಅಮ್ಮ. ಅಂಗಿಗೆ ಹಾಕುವ ಗುಂಡಿ, ಕೋಟಿಗೆ ಹಾಕುವ ಗುಂಡಿ, ಕೊಕ್ಕೆ, ಜಿಪ್ಪು ಎಲ್ಲ ಮಾರುವ ಅಂಗಡಿ ಅವರದು. ಪಕ್ಕದಲ್ಲಿ ಅವರ ಮಗ ಪಾಪು, ಅಮ್ಮನ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಪಾಪುವಿಗೆ ನಲವತ್ತೆರಡು ವರ್ಷ. ನೆತ್ತಿಯಲ್ಲಿ ಕೂದಲು ತೆಳ್ಳಗಾಗುತ್ತಿತ್ತು. ಉಳಿದದ್ದನ್ನು ದಿನಾ ಬೆಳಿಗ್ಗೆ ಅಮ್ಮನೇ ಬೈತಲೆ ತೆಗೆದು ಬಾಚುತ್ತಿದ್ದರು. ಗಾಳಿ ಬೀಸಿದರೆ ಮಫ್ಲರು, ಬೀಸದಿದ್ದರೆ ‘ಬೀಸಬಹುದು’ ಎಂದು ಮಫ್ಲರು.

ಸಾಹೇಬರು ಪ್ರಾಮಾಣಿಕತೆ, ಪರಿಶ್ರಮ, ತಾಳ್ಮೆ ಎಂದು ಶುರು ಮಾಡಿದರು. ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆದರು. ಇನ್ನು ತಡ ಮಾಡಬಾರದೆಂದು ಒಮ್ಮೆಲೇ ಎಪ್ಪತ್ತಮೂರನೆಯ ಪುಟಕ್ಕೆ ಹಾರಿದರು.

“ಇದೆಲ್ಲ ಪರೀಕ್ಷೆಗೆ ಬರೆಯೋ ನೀತಿ! ಕಾದಂಬರಿಯ ನಿಜವಾದ ನೀತಿ ಒಂದೇ. ಹೊಸ್ತಿಲು ದಾಟು! ಸೆರಗು ಹಿಡ್ಕೊಂಡು ಕೂತೋನು ಯಾವತ್ತೂ ದೊಡ್ಡೋನಾಗಲ್ಲ. ಆ ಹುಡುಗ ಅತ್ತೇನ ಕೇಳಿದ್ನಾ? ಕೇಳಲಿಲ್ಲ! ನಾಳೆ ಹೋಗ್ತೀನಿ ಅಂದ್ನಾ? ಅನ್ನಲಿಲ್ಲ! ಚೀಲ ತಗೊಂಡ, ಹೋದ! ನಿಮ್ಮ ಚೀಲ ಎಲ್ಲಿದೆ? ನಾನು ಕೇಳ್ತಿದೀನಿ, ನಿಮ್ಮ ಚೀಲ ಎಲ್ಲಿದೆ?”

ಪಾಪು ಬೆಚ್ಚಿಬಿದ್ದು ಮಡಿಲಿನಲ್ಲಿದ್ದ ಅಮ್ಮನ ಚೀಲ ನೋಡಿಕೊಂಡ.

ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಗೊರಕೆಯವರೂ ಎದ್ದು ನಿಂತು ತಟ್ಟಿದರು. ದೊಡ್ಡ ಮೇಡಂ ಕಣ್ಣೊರೆಸಿಕೊಂಡು, “ನಿಮ್ಮ ತಲೇಲಿ ಇಷ್ಟೆಲ್ಲ ಇತ್ತಾ!” ಎಂದರು. ಗುಂಡಿ ಅಂಗಡಿ ಅಮ್ಮ ಕೂಡ, “ಎಷ್ಟು ಚೆನ್ನಾಗಿ ಹೇಳಿದ್ರಿ! ಈಗಿನ ಹುಡುಗರಿಗೆ ಇದು ತಿಳೀಬೇಕು,” ಎಂದು ಪಾಪುವಿನ ಮಫ್ಲರ್ ಬಿಗಿ ಮಾಡಿದರು. ಸಾಹೇಬರು ಮನೆಗೆ ನಡೆದು ಹೋಗಲಿಲ್ಲ, ತೇಲಿ ಹೋದರು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ಮುರಿಯುವ ಹಾಗೆ ಸದ್ದಾಯಿತು. ಗುಂಡಿ ಅಂಗಡಿ ಅಮ್ಮ. ಕೈಯಲ್ಲೊಂದು ಚೀಟಿ.

“ಓದಿ!”

ಸಾಹೇಬರು ಓದಿದರು. ‘ಅಮ್ಮ, ಹೊಸ್ತಿಲು ದಾಟಿದ್ದೇನೆ. ಹುಡುಕಬೇಡ. ಹಾಲು ಕುಡಿದಿದ್ದೇನೆ. ಹೆಚ್ಚಿನ ವಿವರಗಳಿಗೆ ಪಕ್ಕದ ಮನೆ ಸಾಹೇಬರನ್ನು ಕೇಳು.’

“ಕೇಳ್ತಿದೀನಿ. ಎಲ್ಲಿ ನನ್ನ ಮಗು?”

“ಅಮ್ಮಾ, ನಾನು ಸುಮ್ನೆ ಸಾಹಿತ್ಯದ ದೃಷ್ಟಿಯಿಂದ...”

“ದೃಷ್ಟಿ ಆಮೇಲೆ ನಿವಾಳಿಸೋಣ! ಮುಂದೆ ಏನಾಗುತ್ತೆ ಹೇಳಿ.”

“ಎಲ್ಲಿ ಮುಂದೆ?”

“ಪುಸ್ತಕದಲ್ಲಿ ಕಣ್ರೀ! ನನ್ನ ಮಗ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ನೂರು ಬಿಳಿ ಗುಂಡಿ ತಗೊಂಡು ಬಾ ಅಂದ್ರೆ ನೂರಾ ಒಂದು ತರಲ್ಲ. ಆ ಹುಡುಗ ಎಲ್ಲಿಗೆ ಹೋದ್ನೋ ಇವನೂ ಅಲ್ಲಿಗೇ ಹೋಗಿರ್ತಾನೆ. ಎಲ್ಲಿಗೆ ಹೋದ?”

“ಬೆಟ್ಟ ಹತ್ತಿದ.”

“ಯಾವ ಬೆಟ್ಟ? ಅಯ್ಯೋ, ಅವನಿಗೆ ಮಂಡಿನೋವು! ಆಮೇಲೆ?”

“ಆಮೇಲೆ...” ಸಾಹೇಬರು ಚೀಟಿಯನ್ನು ನಾಲ್ಕಾಗಿ ಮಡಿಸಿದರು. “ಅದನ್ನ ಹೇಳಬಾರದಮ್ಮ. ಓದಿ ಅನುಭವಿಸಬೇಕು.”

“ಅನುಭವಿಸ್ತಿರೋದು ನಾನು!”

ಒಳಗಿನಿಂದ ಹೆಂಡತಿ ಬಂದು, ಗಂಡನ ಎಡಗಿವಿ ನೋಡಿ, ಅಮ್ಮನಿಗೆ ಒಂದು ಲೋಟ ನೀರು ಕೊಟ್ಟರು. ಸಾಹೇಬರು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದರು. ಎಂಬತ್ತೈದನೆಯ ಪುಟದಿಂದ ಮುಂದೆ ಓದಿಬಿಟ್ಟರೆ ಸಾಕು!

ರಿಜಿಸ್ಟರಿನ ಅಂಚು ಮೇಲಕ್ಕೆದ್ದಿತ್ತು. ಪುಸ್ತಕ ಇರಲಿಲ್ಲ. ವಾರದ ರಜೆ ಮುಗಿಸಿ ಬಂದ ಅದರ ಒಡೆಯ, ಕಾವಲುಗಾರನಿಂದ ಕೋಣೆ ತೆರೆಸಿ, ಆಗಲೇ ಅದನ್ನು ಕಂಕುಳಲ್ಲಿಟ್ಟುಕೊಂಡು, ದೂರದ ಮಾರ್ಗದ ಬಸ್ಸಿನ ಡ್ರೈವರ್ ಸೀಟಿಗೆ ಹತ್ತುತ್ತಿದ್ದ. ಕುಳ್ಳಗಿನ ಆಸಾಮಿ.

“ಸ್ವಲ್ಪ ನಿಲ್ಲಿ! ಕಾದಂಬರಿ ಓದಿದೀರಾ ನೀವು?”

“ಓದೋದಾ?” ಡ್ರೈವರ್ ಪುಸ್ತಕವನ್ನು ಸೀಟಿನ ಮೇಲಿಟ್ಟು ಅದರ ಮೇಲೆ ಕೂತ. “ಆರು ವರ್ಷದಿಂದ ಇದರ ಮೇಲೆ ಕೂತಿದೀನಿ ಸಾಹೇಬ್ರೆ. ಇದಿಲ್ಲದಿದ್ರೆ ನಂಗೆ ರಸ್ತೆ ಕಾಣಲ್ಲ.”

ಬಸ್ಸು ಹೊರಟಿತು. ನಾಲ್ಕು ದಿನಕ್ಕೆ ಮುಂಚೆ ವಾಪಸಿಲ್ಲ. ಆ ಕೃತಿಯಿಂದ ನಿಜವಾಗಿ ಪ್ರಯೋಜನ ಪಡೆದಿದ್ದ ಒಬ್ಬನೇ ಮನುಷ್ಯ ಹೀಗೆ ಅದನ್ನು ತೆಗೆದುಕೊಂಡೇ ಹೋದ.

ಮಧ್ಯಾಹ್ನ ಪೊಲೀಸ್ ಠಾಣೆ. ಅಮ್ಮ ಸಾಹೇಬರ ತೋಳು ಹಿಡಿದೇ ಎಳೆದೊಯ್ದಿದ್ದರು. ಇನ್ಸ್‌ಪೆಕ್ಟರು ಹೊಸ ಹಾಳೆ ತೆಗೆದರು.

“ಯಾರು ಕಾಣೆಯಾಗಿರೋದು?”

“ನನ್ನ ಮಗು.”

“ಹೆಸರು?”

“ಪಾಪು.”

“ವಯಸ್ಸು?”

“ನಲವತ್ತೆರಡು.”

ಇನ್ಸ್‌ಪೆಕ್ಟರು ಬರೆಯುತ್ತಾ ಕೇಳಿದರು. “ತಿಂಗಳಾ?”

“ವರ್ಷ!”

ಪೆನ್ನು ನಿಂತಿತು. ಅವರು ಅಮ್ಮನನ್ನು ನೋಡಿದರು, ಸಾಹೇಬರನ್ನು ನೋಡಿದರು, ಹಾಳೆಯನ್ನು ನೋಡಿದರು. “ಕಾಣೆಯಾಗೋದಕ್ಕೆ ಕಾರಣ?”

“ಇವರು,” ಎಂದರು ಅಮ್ಮ. “ಇವರ ಕಾದಂಬರಿ.”

ಕಾದಂಬರಿ ಎಂದ ಕೂಡಲೇ ಇನ್ಸ್‌ಪೆಕ್ಟರ ಮುಖ ಅರಳಿತು. “ಓ, ಅದಾ! ಕಾಲೇಜಿನಲ್ಲಿದ್ದಾಗ ಓದಿದ್ದೆ. ಕೊನೇಲಿ ಹುಡುಗ ಹಡಗು ಹತ್ತಿ ಹೋಗ್ತಾನಲ್ಲ, ಕಣ್ಣಲ್ಲಿ ನೀರು ಬಂದಿತ್ತು.”

“ಹಡಗು!” ಅಮ್ಮ ಮೇಜು ಹಿಡಿದುಕೊಂಡರು.

“ಇಲ್ಲ ಸಾರ್,” ಎಂದ ಬಾಗಿಲಲ್ಲಿದ್ದ ಪೇದೆ. “ಸೈನ್ಯ ಸೇರ್ತಾನೆ. ನಾನೂ ಓದಿದೀನಿ.”

ದೂರು ಕೊಡಲು ಬಂದು ಬೆಂಚಿನ ಮೇಲೆ ಕೂತಿದ್ದವರೂ ಸುಮ್ಮನಿರಲಿಲ್ಲ. ಸೈಕಲ್ ಕಳೆದುಕೊಂಡವನು ‘ನಾಟಕ ಕಂಪನಿಯವಳನ್ನ ಮದುವೆ ಆಗ್ತಾನೆ’ ಎಂದ. ಜೇಬು ಕತ್ತರಿಸಿದ್ದಕ್ಕೆ ಸಿಕ್ಕಿಬಿದ್ದವನು ‘ಎಲ್ಲ ತಪ್ಪು, ಕ್ಷಯ ಬಂದು ಸಾಯ್ತಾನೆ’ ಎಂದು ಕಂಬಿಯ ಹಿಂದಿನಿಂದ ಕೂಗಿದ. ಹೀಗೆ ಅರ್ಧ ಗಂಟೆಯೊಳಗೆ ಪಾಪು ಹಡಗು ಹತ್ತಿ, ಸೈನ್ಯ ಸೇರಿ, ಮದುವೆಯಾಗಿ, ತೀರಿಕೊಂಡ. ಅಮ್ಮನ ಮುಖಕ್ಕೆ ಎರಡು ಸಲ ನೀರು ಚಿಮುಕಿಸಬೇಕಾಯಿತು. ‘ನೀವೇ ಹೇಳಿ, ಯಾರದ್ದು ಸರಿ?’ ಎಂದು ಇನ್ಸ್‌ಪೆಕ್ಟರು ವಿದ್ವಾಂಸರ ಕಡೆ ತಿರುಗಿದರು. ವಿದ್ವಾಂಸರು, “ಎಲ್ಲರದ್ದೂ ಒಂದೊಂದು ದೃಷ್ಟಿಯಿಂದ...” ಎಂದು ಕಿವಿ ಮುಚ್ಚಿಕೊಂಡರು.

ಅಲ್ಲಿಂದ ದೊಡ್ಡ ಮೇಡಂ ಮನೆ. ಮೇಡಂ ಕನ್ನಡಕ ಸರಿಪಡಿಸಿಕೊಂಡು, “ಶ್ರೇಷ್ಠ ಕೃತಿಯ ಅಂತ್ಯ ಓದುಗನ ಅಂತರಂಗದಲ್ಲಿರುತ್ತೆ,” ಎಂದರು.

“ಅಂತರಂಗ ಬೇಡ ಮೇಡಂ, ವಿಳಾಸ ಹೇಳಿ,” ಎಂದರು ಅಮ್ಮ. “ವಾಚನಾಲಯದಲ್ಲಿ ಒಂದು ಪ್ರತಿ ಇದೆಯಲ್ಲ, ಗಾಜಿನ ಕಪಾಟಿನಲ್ಲಿ. ತೆಗೀರಿ.”

“ಅದರ ಬೀಗದ ಕೈ... ಹುಡುಕಬೇಕು.”

“ನಾಳೆ ಬೆಳಿಗ್ಗೆಯೊಳಗೆ ಹುಡುಕಿ. ಇಲ್ಲದಿದ್ರೆ ಗಾಜಿಗೆ ಕೈ ಹಾಕ್ತೀನಿ.”

ಮಂಗಳವಾರ ಸಾಹೇಬರು ಕೆಲಸಕ್ಕೆ ಹೋದರು ಅನ್ನುವುದಕ್ಕಿಂತ ಮನೆಯಿಂದ ತಪ್ಪಿಸಿಕೊಂಡರು ಎನ್ನಬೇಕು. ಆ ಪುಟ್ಟ ಕೋಣೆಯಲ್ಲಿ ಛತ್ರಿಗಳ ಸಾಲಿನಿಂದ ಕಿಟಕಿಗೆ, ಕಿಟಕಿಯಿಂದ ಛತ್ರಿಗಳಿಗೆ ಓಡಾಡಿದರು. ಪಾಪು ನಿಜವಾಗಿ ಯಾವುದಾದರೂ ಬೆಟ್ಟ ಹತ್ತಿ ಕೈ ಚಾಚಿ ಜಾರಿಬಿದ್ದಿದ್ದರೆ? ಹನ್ನೊಂದು ಗಂಟೆಗೆ ಕಿಟಕಿಯ ಹೊರಗಿನಿಂದ ಯಾರೋ ಕೆಮ್ಮಿದರು.

“ಸಾರ್, ಒಂದು ಚೀಲ ಕಳೆದುಹೋಗಿದೆ. ಒಳಗೆ ಮಫ್ಲರ್ ಇದೆ.”

ಪಾಪು! ಕೂದಲು ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿಗೆ ನಿಂತಿತ್ತು. ಸಾಹೇಬರು ಕಿಟಕಿಯಿಂದಲೇ ಕೈ ಹಾಕಿ ಅವನ ಕಾಲರು ಹಿಡಿದುಕೊಂಡರು. “ಎಲ್ಲಿ ಹಾಳಾಗಿ ಹೋಗಿದ್ದೆ ಮಾರಾಯ?”

“ಮೂರು ಸ್ಟಾಪು ಆಚೆಗೆ ಸಾರ್. ಬಸ್ಸಿಂದ ಇಳಿಯೋವಾಗ ಚೀಲ ಮರೆತುಬಿಟ್ಟೆ. ಬೆಟ್ಟ ಯಾವುದೂ ಹತ್ತಿರದಲ್ಲಿರಲಿಲ್ಲ. ಲಾಂಡ್ರಿ ಇತ್ತು.”

ಅವನು ಹೇಳಿದ್ದು ಇಷ್ಟು. ಲಾಂಡ್ರಿಯ ಮುಂದೆ ದಿಕ್ಕು ತೋಚದೆ ನಿಂತಿದ್ದಾಗ ಒಳಗೆ ಲಾಂಡ್ರಿಯಾಕೆ ಒಬ್ಬ ಗಿರಾಕಿಯಿಂದ ಬೈಸಿಕೊಳ್ಳುತ್ತಿದ್ದಳು. ಯಂತ್ರದಲ್ಲಿ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಕಿತ್ತುಹೋದ ಗುಂಡಿಗಳದ್ದೇ ಒಂದು ದೊಡ್ಡ ಡಬ್ಬ ಅವಳ ಹತ್ತಿರವಿತ್ತು. ಪಾಪು ಒಳಗೆ ಹೋಗಿ, ಡಬ್ಬದೊಳಗೆ ಕೈಯಾಡಿಸಿ, ಇಂಥ ಅಂಗಿಯದ್ದು ಇಂಥ ಗುಂಡಿ ಎಂದು ಆರಿಸಿ ಕೊಟ್ಟ. ಆಮೇಲೆ ಇನ್ನೊಂದು ಅಂಗಿಯದ್ದು. ಸಂಜೆಯೊಳಗೆ ಐವತ್ತಾರು ಅಂಗಿಗಳಿಗೆ ಗುಂಡಿ ಹೊಲಿದಿದ್ದ. ಮಹಡಿ ಮೇಲಿನ ಕೋಣೆ ಖಾಲಿಯಿತ್ತು, ಅಲ್ಲೇ ಇರು ಎಂದಳಂತೆ.

“ಇಪ್ಪತ್ತು ವರ್ಷ ಅಮ್ಮನ ಅಂಗಡೀಲಿ ಡಬ್ಬ ಎತ್ತಿಕೊಟ್ಟಿದೀನಿ ಸಾರ್. ಒಂದೇ ಒಂದು ಗುಂಡಿ ನನ್ನ ಕೈಯಿಂದ ಮಾರೋಕೆ ಬಿಟ್ಟಿಲ್ಲ. ‘ನಿಂಗೆ ತಿಳಿಯಲ್ಲ ಪಾಪು’ ಅಂತಾರೆ. ಎಲ್ಲ ತಿಳಿಯುತ್ತೆ ಸಾರ್ ನಂಗೆ.” ಪಾಪು ಹತ್ತಿರ ಬಂದು ದನಿ ತಗ್ಗಿಸಿದ. “ಇವತ್ತು ಬೆಳಿಗ್ಗೆ ನಾನೇ ಮೊಟ್ಟೆ ಬೇಯಿಸಿದೆ. ಅಮ್ಮನಿಗೆ ಹೇಳಬೇಡಿ, ಈಗಲೇ ಬಂದು ಎಳ್ಕೊಂಡು ಹೋಗ್ತಾರೆ. ಅದಿರಲಿ ಸಾರ್, ಮುಂದೆ ಏನು ಮಾಡ್ತಾನೆ ಅವನು? ಬೆಟ್ಟ ಹತ್ತಿದ ಮೇಲೆ?”

ಎದುರಿಗೆ ನಿಂತವನ ಕಣ್ಣಿನಲ್ಲಿ ಅಷ್ಟು ನಂಬಿಕೆಯಿತ್ತು. ‘ಗೊತ್ತಿಲ್ಲ’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು, ಹೊರಗೆ ಮಾತ್ರ ಬೇರೆ ಬಂತು.

“ಅಮ್ಮನಿಗೆ, ಅಂದ್ರೆ ಅತ್ತೆಗೆ, ಒಂದು ಕಾಗದ ಬರೀತಾನೆ. ‘ಚೆನ್ನಾಗಿದೀನಿ, ಹೆದರಬೇಡಿ’ ಅಂತ.”

“ವಿಳಾಸ ಬರೀತಾನಾ?”

“ಇಲ್ಲ. ವಿಳಾಸ ಬರೆಯಲ್ಲ.”

ಈ ಉಪಾಯದಿಂದ ತಾಯಿಗೂ ಸಮಾಧಾನ, ಮಗನಿಗೂ ಸ್ವಾತಂತ್ರ್ಯ ಎಂದು ಸಾಹೇಬರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಪಾಪು ಜೇಬಿನಿಂದ ಒಂದು ಕಾಗದ ತೆಗೆದು ಅಲ್ಲೇ ನಿಂತು ನಾಲ್ಕು ಸಾಲು ಬರೆದುಕೊಟ್ಟ. ಸಾಹೇಬರು ಅದನ್ನು ಹಿಡಿದು ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಧಾವಿಸಿದರು.

ಮನೆಯ ಮುಂಗೋಣೆಯಲ್ಲಿ ಒಂದು ಸಭೆಯೇ ನೆರೆದಿತ್ತು. ಗುಂಡಿ ಅಂಗಡಿ ಅಮ್ಮ, ವಿಚಾರಣೆಗೆಂದು ಬಂದ ಇನ್ಸ್‌ಪೆಕ್ಟರು, ತಲೆ ತಗ್ಗಿಸಿ ಕೂತ ದೊಡ್ಡ ಮೇಡಂ, ನಡುವೆ ಹೊಲಿಗೆ ಮೇಜಿನ ಮೇಲೆ ವಾಚನಾಲಯದ ಕಾದಂಬರಿ. ಸಾಹೇಬರ ಹೆಂಡತಿ ಬಟ್ಟೆ ಕತ್ತರಿಸುವ ಕತ್ತರಿ ಹಿಡಿದಿದ್ದರು. ಹಳೆಯ ಕಾಲದ ಮುದ್ರಣ. ಹಾಳೆಗಳ ಅಂಚು ಮಡಿಕೆಯಲ್ಲೇ ಉಳಿದಿತ್ತು, ಕತ್ತರಿಸದೆ ಓದುವಂತೆಯೇ ಇರಲಿಲ್ಲ. ಮೊದಲ ಪುಟದ ಮೊಹರಿನ ಪ್ರಕಾರ ಅದು ಕಪಾಟು ಸೇರಿ ಮೂವತ್ತೆಂಟು ವರ್ಷವಾಗಿತ್ತು.

“ಇಷ್ಟು ವರ್ಷದಲ್ಲಿ ಯಾರೂ ತೆರೆದಿಲ್ಲ,” ಎಂದರು ಹೆಂಡತಿ, ಕಚಕ್ ಎಂದು ಇನ್ನೊಂದು ಹಾಳೆ ಬಿಡಿಸುತ್ತಾ.

“ಈ ಪ್ರತಿಯನ್ನ ತೆರೆದಿಲ್ಲ,” ಎಂದರು ದೊಡ್ಡ ಮೇಡಂ ಕ್ಷೀಣವಾಗಿ. “ಪಾಠ ಮಾಡೋಕೆ ಗೈಡು ಇತ್ತು.”

“ಶ್, ಸುಮ್ನಿರಿ. ಬೆಟ್ಟ ಹತ್ತಿದ,” ಎಂದರು ಇನ್ಸ್‌ಪೆಕ್ಟರು. ಅವರಿಗೆ ಕಥೆ ಹಿಡಿದುಬಿಟ್ಟಿತ್ತು. “ಓದಿ, ಓದಿ.”

ಹೆಂಡತಿ ಎಂಬತ್ತೈದನೆಯ ಪುಟ ಕತ್ತರಿಸಿ ಗಟ್ಟಿಯಾಗಿ ಓದಿದರು: “ಅಷ್ಟರಲ್ಲಿ ಅತ್ತೆ ಅವನ ಹಣೆ ಮುಟ್ಟಿ ನೋಡಿ, ‘ಸದ್ಯ, ಜ್ವರ ಇಳಿಯಿತು. ಇಡೀ ರಾತ್ರಿ ಹೊಸ್ತಿಲು, ಬೆಟ್ಟ ಎಂದು ಏನೇನೋ ಬಡಬಡಿಸುತ್ತಿದ್ದೆ. ಏಳಪ್ಪ, ಹಾಲು ಕುಡಿ’ ಎಂದಳು.”

ಇನ್ಸ್‌ಪೆಕ್ಟರು ಬಗ್ಗಿ ಪುಟವನ್ನು ತಾವೇ ನೋಡಿದರು.

“ಕನಸಾ?” ಎಂದರು ಇನ್ಸ್‌ಪೆಕ್ಟರು.

“ಜ್ವರದ ಬಡಬಡಿಕೆ,” ಎಂದು ತಿದ್ದಿದರು ಹೆಂಡತಿ. ಕತ್ತರಿಯನ್ನು ಮೇಜಿನ ಮೇಲಿಟ್ಟು, ಬಾಗಿಲಲ್ಲಿ ಕಂಬವಾಗಿದ್ದ ಗಂಡನ ಕಡೆ ನೋಡಿದರು. “ಇನ್ನೊಂದು ಪುಟ ಓದಬಾರದಾಗಿತ್ತೇನ್ರೀ?”

ಸಾಹೇಬರು ಕಾಗದ ಚಾಚಿದರು. ಗುಂಡಿ ಅಂಗಡಿ ಅಮ್ಮ ಅದನ್ನು ಕಿತ್ತುಕೊಂಡು ಓದಿದರು, ಎದೆಗೊತ್ತಿಕೊಂಡರು, ಅತ್ತರು, ಆಮೇಲೆ ಅದರ ಹಿಂಬದಿ ತಿರುಗಿಸಿದರು. ಅದು ಲಾಂಡ್ರಿಯ ರಸೀದಿ. ಅಂಗಡಿಯ ಹೆಸರು, ರಸ್ತೆ, ‘ಕಲೆಗಳಿಗೆ ನಾವು ಹೊಣೆಯಲ್ಲ’ ಎಂಬ ಮಾತು ಎಲ್ಲ ಅಚ್ಚಾಗಿತ್ತು. ಸಾಹೇಬರು ದಾರಿಯುದ್ದಕ್ಕೂ ಅದನ್ನು ಕೈಯಲ್ಲಿ ಹಿಡಿದು ಬಂದಿದ್ದರು, ಒಂದು ಸಲವೂ ಮಗುಚಿ ನೋಡಿರಲಿಲ್ಲ.

“ಜೀಪು ತೆಗೀರಿ,” ಎಂದರು ಅಮ್ಮ ಇನ್ಸ್‌ಪೆಕ್ಟರಿಗೆ. ಅವರು ತೆಗೆದರು. ಹೆಂಡತಿಯೂ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹತ್ತಿದರು.

ಲಾಂಡ್ರಿಯ ಪಕ್ಕದ ಕಿರಿದಾದ ಮರದ ಮೆಟ್ಟಿಲು ಒಬ್ಬೊಬ್ಬರಾಗಿ ಹತ್ತಬೇಕಾದದ್ದು. ಮೊದಲು ಅಮ್ಮ, ಹಿಂದೆ ಇನ್ಸ್‌ಪೆಕ್ಟರು, ಮೇಡಂ, ಹೆಂಡತಿ, ಎಲ್ಲರ ಬೆನ್ನಿಗೆ ಸಾಹೇಬರು. ಮೇಲೆ ಒಂದು ಮಂಚ, ಒಂದು ಕುರ್ಚಿ, ಒಂದು ಸ್ಟವ್. ನೆಲದ ತುಂಬ ಅಂಗಿಗಳು. ಕಿಟಕಿಯ ಬೆಳಕಿಗೆ ಮುಖ ಮಾಡಿ ಪಾಪು ಸೂಜಿಗೆ ದಾರ ಪೋಣಿಸುತ್ತಿದ್ದ. ಕೆಳಗಿನ ಯಂತ್ರದ ಅದುರಾಟಕ್ಕೆ ಕೋಣೆಯೇ ನಡುಗುತ್ತಿತ್ತು.

“ಪಾಪೂ! ನಡಿ ಮನೆಗೆ!” ಎಂದರು ಅಮ್ಮ ಏದುಸಿರು ಬಿಡುತ್ತಾ. “ಅವನು ಹೋಗೇ ಇಲ್ಲವಂತೆ! ಬರೀ ಕನಸಂತೆ! ಎದ್ದು ಹಾಲು ಕುಡಿದ್ನಂತೆ. ಪುಸ್ತಕದಲ್ಲೇ ಇದೆ, ಬೇಕಾದ್ರೆ ಇವರನ್ನೆಲ್ಲ ಕೇಳು.”

“ಎಂಬತ್ತೈದನೇ ಪುಟ,” ಎಂದರು ಇನ್ಸ್‌ಪೆಕ್ಟರು ಸಾಕ್ಷಿ ನುಡಿಯುವ ದನಿಯಲ್ಲಿ.

ಪ್ರೀತಿಯಿಂದ ಬೆಳೆಸಿದವರು ಹೇಳಿದ ಮಾತನ್ನು ಹೇಳಿದ ಹಾಗೇ ಮಾಡುವ ಆ ನಲವತ್ತೆರಡರ ಮಗುವಿನ ಕೈಯಿಂದ ಸೂಜಿ ಜಾರಿತು. ಅವನು ಎಲ್ಲರನ್ನೂ ದಾಟಿ, ಬಾಗಿಲಲ್ಲಿ ನಿಂತ ಸಾಹೇಬರನ್ನು ನೋಡಿದ. “ಹೌದಾ ಸಾರ್?”

‘ಹೌದಪ್ಪ, ಮನೆಗೆ ಹೋಗು’ ಎಂದಿದ್ದರೆ ಎಲ್ಲರೂ ಖುಷಿಯಾಗಿ ಜೀಪು ಹತ್ತುತ್ತಿದ್ದರು. ಸಾಹೇಬರ ಮರ್ಯಾದೆಯೂ ಹೇಗೋ ಉಳಿಯುತ್ತಿತ್ತು. ಅವರು ಬಾಯಿ ತೆರೆದರು. ನೆಲದ ಮೇಲೆ ಸಾಲಾಗಿ ಮಡಿಸಿಟ್ಟ ಅಂಗಿಗಳು, ಒಂದೊಂದರ ಗುಂಡಿಯೂ ನೇರವಾಗಿ ಕೂತಿದ್ದದ್ದು ಕಣ್ಣಿಗೆ ಬಿತ್ತು. ಬಾಯಿಂದ ಬಂದದ್ದು ಅವರಿಗೇ ಆಶ್ಚರ್ಯ.

“ನಂಗೆ ಗೊತ್ತಿಲ್ಲಪ್ಪ. ನಾನು ಆ ಕಾದಂಬರಿ ಪೂರ್ತಿ ಓದೇ ಇಲ್ಲ. ಮೊದಲು ಐವತ್ತೆಂಟು, ನಡುವೆ ಒಂದು ಹನ್ನೆರಡು ಪುಟ ಓದಿ ಬಾಯಿಗೆ ಬಂದಿದ್ದು ಹೇಳಿದೆ. ಕಾಗದ ಬರೀತಾನೆ ಅಂದಿದ್ದೂ ಸುಳ್ಳು. ನನ್ನ ಮಾತು ನಂಬಬೇಡ.”

ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟರು. “ನೋಡಿ, ಎಂಥ ವಿನಯ! ಬೇರೆಯವರ ತಪ್ಪನ್ನೂ ತಮ್ಮ ಮೇಲೆ ಹಾಕ್ಕೊಳ್ತಾರೆ.”

“ದೊಡ್ಡ ಮನುಷ್ಯರ ಲಕ್ಷಣವೇ ಅದು,” ಎಂದು ಇನ್ಸ್‌ಪೆಕ್ಟರು ಟೋಪಿ ತೆಗೆದರು.

“ವಿನಯ ಅಲ್ಲ ಮೇಡಂ! ನಿಜವಾಗ್ಲೂ ಓದಿಲ್ಲ! ಆಣೆ ಮಾಡಿ ಹೇಳ್ತೀನಿ!”

“ಇನ್ನೂ ವಿನಯ!” ಎಂದರು ಮೇಡಂ. ನಂಬಿದವರು ಇಬ್ಬರೇ. ಒಬ್ಬರು ಹೆಂಡತಿ, ಮೂರು ದಿನದಲ್ಲಿ ಮೊದಲ ಸಲ ಗಂಡನ ಪಕ್ಕಕ್ಕೆ ಬಂದು ನಿಂತರು. ಇನ್ನೊಬ್ಬ ಪಾಪು. ಅವನು ಬಗ್ಗಿ ಸೂಜಿ ಹುಡುಕಿ ತೆಗೆದ. ದಾರವನ್ನು ನಾಲಗೆಗೆ ತಾಗಿಸಿ ಪೋಣಿಸಿದ.

“ಅವನು ಹೋಗಿಲ್ಲ ಅಂದ್ರೆ ಅದು ಅವನ ಸಮಾಚಾರ ಅಮ್ಮ,” ಎಂದ. “ನಾನು ಬಂದಿದೀನಲ್ಲ.”

ಕೆಳಗೆ ಯಂತ್ರ ಒಮ್ಮೆ ಗಡಗಡಿಸಿ ನಿಂತಿತು. ಅಮ್ಮ ಮಗನ ಕೆದರಿದ ಕೂದಲು, ಮಡಿಸಿದ ಅಂಗಿಗಳ ಸಾಲು, ಸ್ಟವಿನ ಮೇಲಿನ ಪಾತ್ರೆ ಎಲ್ಲ ನೋಡಿದರು. ಒಂದು ಅಂಗಿ ಎತ್ತಿ, ಗುಂಡಿ ಹಿಡಿದು ಜೋರಾಗಿ ಜಗ್ಗಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಇನ್ನೊಂದು ಅಂಗಿಯದ್ದು ಜಗ್ಗಿದರು. ಅದೂ ಇಲ್ಲ.

“ಕೂತ್ಕೋ ಅಮ್ಮ,” ಎಂದ ಪಾಪು. “ಮೊಟ್ಟೆ ಇದೆ.”

ಇದ್ದ ಒಂದೇ ಕುರ್ಚಿಯ ಮೇಲೆ ಅಮ್ಮ ಕೂತರು. ಉಳಿದವರು ಗೋಡೆಗೆ ಒರಗಿ ನಿಂತು, ಒಂದು ಊರಿನ ಭವಿಷ್ಯವೇ ಆ ಮೊಟ್ಟೆಯ ಮೇಲೆ ನಿಂತಿದೆ ಎಂಬಂತೆ ನೋಡಿದರು. ಒಳಗೆ ಸರಿಯಾಗಿ ಬೆಂದಿರಲಿಲ್ಲ. ಅಮ್ಮ ಅದನ್ನು ಪೂರ್ತಿ ತಿಂದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದರು.

“ನಾಳೆ ಬೆಳಿಗ್ಗೆ ಬರ್ತೀನಿ.”

“ನಾಳೆ ಬೇಡ ಅಮ್ಮ. ನಾಳೆ ತುಂಬಾ ಕೆಲಸ ಇದೆ. ಭಾನುವಾರ ಬಾ.”

ಸಾಹೇಬರು ಕಣ್ಣು ಮುಚ್ಚಿಕೊಂಡರು. ಇನ್ನು ಚಾವಣಿ ಹಾರಿಹೋಗುವುದೇ ಸೈ ಎಂದುಕೊಂಡರು. ಇನ್ಸ್‌ಪೆಕ್ಟರು ಕೂಡ ಒಂದು ಹೆಜ್ಜೆ ಹಿಂದೆ ಸರಿದರು. ಅಮ್ಮ ಮೆಟ್ಟಿಲಿನ ತನಕ ಹೋದವರು ಕೈಕಂಬಿ ಹಿಡಿದು ನಿಂತರು. ಯಾವ ಹೊತ್ತಿಗೆ ಏಳಬೇಕು, ಯಾವ ಹೊತ್ತಿಗೆ ಉಣ್ಣಬೇಕು ಎಂದು ನಲವತ್ತೆರಡು ವರ್ಷ ಅವರೇ ಆ ಮಗನಿಗೆ ಹೇಳಿದ್ದರು. ಈಗ ತಿರುಗಿ ನೋಡಿ, ಅಂಗಡಿಗೆ ಬಂದ ಹೊಸ ಗಿರಾಕಿಯನ್ನು ಕೇಳುವ ಹಾಗೆ ಸ್ವಲ್ಪ ಸಂಕೋಚದಿಂದ ಕೇಳಿದರು.

“ಎಷ್ಟು ಗಂಟೆಗೆ ಬರಲಿ?”

ಪಾಪು ಹೊಲಿಗೆ ನಿಲ್ಲಿಸಿ ಲೆಕ್ಕ ಹಾಕಿದ.

“ಹತ್ತಕ್ಕೆ ಬಾ,” ಎಂದ. “ಕೆಳಗಿಂದ ಒಂದು ಸಲ ಕೂಗು.”